ಮಾವನ ಮೂಗು, ನ್ಯಾಯಮೂರ್ತಿಗಳ ಮುಖ

ಗೀಚಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಇಟ್ಟವರು ಮಾವ. ಮಗಳನ್ನು ಕೊಡಿ ಎಂದು ಕೇಳಲು ಹೋದ ದಿನ ಅವರು, "ಏನು ಕೆಲಸ ಮಾಡ್ತೀಯಪ್ಪ?" ಎಂದು ವಿಚಾರಿಸಿದ್ದರು.

"ಪತ್ರಿಕೆಗೆ ವ್ಯಂಗ್ಯಚಿತ್ರ ಬರೀತೀನಿ."

"ಅದಿರಲಿ, ಕೆಲಸ ಏನು?"

ಮಗಳು ಹಟ ಹಿಡಿದದ್ದರಿಂದ ಮದುವೆಯೇನೋ ಆಯಿತು. ಆದರೆ ಮಾವ ಅಂದಿನಿಂದ ಅಳಿಯನೊಂದಿಗೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವ ಇವರ ಮನೆಗೇ ಬಂದು ನೆಲೆಸಿದರು. ಆಗಲೂ ಪದ್ಧತಿ ಬದಲಾಗಲಿಲ್ಲ. ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದಾಗಲೂ ಅವರು ಮಗಳ ಕಡೆ ತಿರುಗಿ, "ಆ ಗೀಚಪ್ಪನಿಗೆ ಹೇಳು, ಸಕ್ಕರೆ ಡಬ್ಬಿ ಈ ಕಡೆ ತಳ್ಳಲಿ" ಎನ್ನುತ್ತಿದ್ದರು. "ಅಪ್ಪನಿಗೆ ಸಕ್ಕರೆ ಬೇಕಂತೆ" ಎಂದು ಅವಳು ಹೇಳುತ್ತಿದ್ದಳು. ಗೀಚಪ್ಪ ಡಬ್ಬಿ ತಳ್ಳುತ್ತಿದ್ದ. ಹೆಸರು ಹೇಗೋ ಪತ್ರಿಕೆಯ ಕಚೇರಿಯನ್ನೂ ಮುಟ್ಟಿ ಅಲ್ಲೂ ಗಟ್ಟಿಯಾಗಿ ನಿಂತುಬಿಟ್ಟಿತು.

ಮಾವ ಕೈಲಾಗುವಷ್ಟು ಕಾಲ ಬಸ್ ಕಂಡಕ್ಟರ್ ಆಗಿದ್ದವರು. ಅವರು ಬಸ್ ಬಿಟ್ಟು ಬಂದಿದ್ದರೂ ಬಸ್ ಅವರನ್ನು ಬಿಟ್ಟಿರಲಿಲ್ಲ. ಮನೆಗೆ ನೆಂಟರು ಬಂದರೆ, "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಿದ್ದರು. ಅವರ ಮುಖದಲ್ಲಿ ಮೊದಲು ಕಾಣುವುದು ಮೂಗು. ಹುಬ್ಬುಗಳ ನಡುವೆ ಹೊರಟು, ಮಧ್ಯದಲ್ಲಿ ಒಂದು ಏರು ಹತ್ತಿ, ಇಳಿಜಾರಿನಲ್ಲಿ ವೇಗ ತಾಳಲಾರದೆ ಮೇಲ್ದುಟಿಯ ಹತ್ತಿರ ಬಂದು ನಿಂತ ಮೂಗು. ಬೆಳಗಿನ ಚಹಾ ಹೊತ್ತಿನಲ್ಲಿ ಆ ಮೂಗಿನ ನೇರಕ್ಕೆ ಅವರು ಅಳಿಯನನ್ನು ನೋಡಿದರೆಂದರೆ, ಗೀಚಪ್ಪನಿಗೆ ತಾನು ಟಿಕೆಟ್ ಇಲ್ಲದೆ ಈ ಲೋಕಕ್ಕೆ ಹತ್ತಿದವನೆಂದು ಅನಿಸುತ್ತಿತ್ತು.

ಆ ಊರಿನ ಮುಖ್ಯ ನ್ಯಾಯಮೂರ್ತಿಗಳು ಹೆಸರಾಂತ ನಿಷ್ಠುರರು. ಕೋರ್ಟಿಗೆ ತಡವಾಗಿ ಬಂದ ಮಂತ್ರಿಯೊಬ್ಬರನ್ನು ಅವರು ಕಲಾಪ ಮುಗಿಯುವವರೆಗೂ ನಿಲ್ಲಿಸಿದ್ದರು. ಮಂತ್ರಿಯ ಬೊಜ್ಜಿಗೆ ಅಂಥ ವ್ಯಾಯಾಮ ಅದೇ ಮೊದಲು. ಅಂದು ಸಂಪಾದಕರು ಗೀಚಪ್ಪನ ಮೇಜಿನ ಬಳಿ ಬಂದು, "ನಾಳೆ ಮೊದಲ ಪುಟಕ್ಕೆ ಜಡ್ಜ್ ಬೇಕು" ಎಂದರು.

ಜಡ್ಜ್ ಬೇಕೇನೋ ಸರಿ, ಮುಖ ಎಲ್ಲಿಂದ ತರುವುದು? ನ್ಯಾಯಮೂರ್ತಿಗಳು ಯಾವ ಕ್ಯಾಮೆರಾವನ್ನೂ ಹತ್ತಿರ ಬಿಟ್ಟುಕೊಂಡವರಲ್ಲ. ತೀರ್ಪಿಗೆ ಮುಖ ಬೇಕಿಲ್ಲ ಎಂಬುದು ಅವರ ವಾದ. ಪತ್ರಿಕೆಯವರ ಬಳಿ ಇದ್ದದ್ದು ಅವರ ಕಾಲೇಜಿನ ದಿನಗಳ ಒಂದು ಗುಂಪು ಫೋಟೋ ಮಾತ್ರ, ಅದರಲ್ಲೂ ಮುಂದಿದ್ದವನೊಬ್ಬ ತಲೆ ಕೆರೆದುಕೊಳ್ಳಲು ಎತ್ತಿದ ಮೊಣಕೈ ಅವರ ಮುಖಕ್ಕೆ ಅಡ್ಡ ಬಂದಿತ್ತು. ಗೀಚಪ್ಪ ಒಮ್ಮೆ ಕೋರ್ಟಿಗೆ ಹೋಗಿ ನೋಡಿದ್ದ, ಅದೂ ಕಂಬದ ಹಿಂದಿನಿಂದ. ಕಂಬದ ಆಚೆ ಒಬ್ಬ ಭಾರಿ ವಕೀಲರ ಬೆನ್ನು. ಬೆನ್ನಿನ ಆಚೆ ಒಂದು ಬೋಳು ನೆತ್ತಿ ಮತ್ತು ಪೆನ್ನು ಹಿಡಿದ ಕೈ.

ನೆತ್ತಿ ಬರೆದ. ಕೈ ಬರೆದ. ನಡುವೆ ಖಾಲಿ ಉಳಿಯಿತು. ಸಂಪಾದಕರು ಆಗಲೇ ಗಡಿಯಾರ ನೋಡತೊಡಗಿದ್ದರು. ಕಣ್ಣು ಮುಚ್ಚಿ, ತನ್ನನ್ನು ತಪ್ಪಿತಸ್ಥನೆಂದು ನೋಡುವ ಮುಖ ಯಾವುದು ಎಂದು ಯೋಚಿಸಿದ. ಹುಡುಕಬೇಕಾದ ಅಗತ್ಯವೇ ಬೀಳಲಿಲ್ಲ. ಕೈ ತಾನಾಗಿ ಹುಬ್ಬುಗಳ ನಡುವಿನಿಂದ ಹೊರಟು, ಏರು ಹತ್ತಿ, ಇಳಿಜಾರು ಇಳಿಯಿತು.

ಚಿತ್ರ ಭರ್ಜರಿಯಾಗಿ ಓಡಿತು. ಜನಕ್ಕೆ ನ್ಯಾಯಮೂರ್ತಿಗಳ ಮುಖ ಮೊದಲ ಬಾರಿಗೆ ಸಿಕ್ಕಿತ್ತು. ಮನೆಯಲ್ಲಿ ಹೆಂಡತಿ ಪತ್ರಿಕೆಯನ್ನು ಒಮ್ಮೆ ನೋಡಿದಳು, ಎದುರು ಕೂತ ಅಪ್ಪನನ್ನು ಒಮ್ಮೆ ನೋಡಿದಳು, ಮತ್ತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚತೊಡಗಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಊರವರ ಮೂಗಿನ ಮೇಲೆ ಚೌಕಟ್ಟು ಕೂರಿಸುವುದೇ ಅವಳ ಕಸುಬು. ಅವಳಿಂದ ಒಂದು ಮೂಗನ್ನು ಮುಚ್ಚಿಡುವುದು ಆಗದ ಮಾತು. ಆದರೂ ಅವಳು ಏನೂ ಅನ್ನಲಿಲ್ಲ. ಮಾವ ಮಾತ್ರ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು, "ಈ ಜಡ್ಜ್ ಒಳ್ಳೆ ಗತ್ತಿನ ಮನುಷ್ಯ. ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದರು.

ಅಲ್ಲಿಂದ ಮುಂದೆ ಆ ಮುಖವೇ ಖಾಯಂ ಆಯಿತು. ವರ್ಷಗಳು ಉರುಳಿದವು, ತೀರ್ಪುಗಳು ಬಂದವು, ಪ್ರತಿ ತೀರ್ಪಿಗೂ ಮಾವನ ಮೂಗು ಪತ್ರಿಕೆಯಲ್ಲಿ ಹಾಜರಿ ಹಾಕಿತು.

ತೊಂದರೆ ಶುರುವಾದದ್ದು ಕ್ಷೌರದಂಗಡಿಯಲ್ಲಿ. ಮಾವ ಸರದಿಗಾಗಿ ಕಾಯುತ್ತ ಕೂತಿದ್ದಾಗ ಕ್ಷೌರಿಕ ಕುರ್ಚಿಯಲ್ಲಿದ್ದವನನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ, "ತಾವು ಬನ್ನಿ ಸಾಹೇಬ್ರೇ, ಮೊದಲು ತಮ್ಮದಾಗಲಿ" ಎಂದ. ಅರ್ಧ ಗಡ್ಡದವನೂ ಎದ್ದು ಕೈ ಕಟ್ಟಿ ನಿಂತ. ಮಾವನಿಗೆ ಏನೊಂದೂ ತಿಳಿಯಲಿಲ್ಲ, ಆದರೆ ಖಾಲಿಯಾದ ಸೀಟನ್ನು ಬಿಡುವ ಅಭ್ಯಾಸವೂ ಇರಲಿಲ್ಲ. ಹೋಗಿ ಕೂತರು. ಆಮೇಲೆ ಔಷಧಿ ಅಂಗಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ಹೀಗೇ ಆಯಿತು. ಜನ ತಮ್ಮನ್ನು ನ್ಯಾಯಮೂರ್ತಿಗಳೆಂದು ತಿಳಿದಿದ್ದಾರೆಂಬುದು ಒಂದು ವಾರದಲ್ಲಿ ಮಾವನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವರು ನಡೆಯುವ ಶೈಲಿಯೇ ಬದಲಾಯಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ತಾವು ಅವರೇ ಅಲ್ವಾ?" ಎಂದು ಯಾರಾದರೂ ಕೇಳಿದರೆ, "ನಾನು ಈ ವಿಷಯದಲ್ಲಿ ಏನೂ ಹೇಳೋ ಹಾಗಿಲ್ಲ" ಎನ್ನುತ್ತಿದ್ದರು. ಜನ ಒಬ್ಬರಿಗೊಬ್ಬರು, "ನೋಡಿದ್ಯಾ, ಎಷ್ಟು ತೂಕವಾಗಿ ಮಾತಾಡ್ತಾರೆ" ಎಂದುಕೊಳ್ಳುತ್ತಿದ್ದರು.

ಮನೆಯ ಹತ್ತಿರದ ಉದ್ಯಾನದಲ್ಲಿ ಒಂದು ಕಬ್ಬಿಣದ ಬೆಂಚಿತ್ತು. ಬೆಳಿಗ್ಗೆ ಮಾವ ಅಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಒಂದು ದಿನ ಇಬ್ಬರು ಅಣ್ಣತಮ್ಮಂದಿರು ತಮ್ಮ ಜಗಳವನ್ನು ಅಲ್ಲಿಗೇ ತಂದರು. ಆಮೇಲೆ ಮತ್ತೊಬ್ಬರು. ಕ್ರಮೇಣ ಬೆಂಚಿನ ಮುಂದೆ ಸಾಲು ನಿಲ್ಲತೊಡಗಿತು. ಮಾವ ಸಾಲನ್ನು ಬಹಳ ಚೆನ್ನಾಗಿ ನಿಲ್ಲಿಸುತ್ತಿದ್ದರು. ತೀರ್ಪಿನ ವಿಷಯ ಬೇರೆ. ಅವರಿಗೆ ಗೊತ್ತಿದ್ದದ್ದು ಎರಡೇ ಪರಿಹಾರ: ಒಂದು, ಇಬ್ಬರೂ ಸ್ವಲ್ಪ ಸರಿದು ಜಾಗ ಮಾಡಿಕೊಳ್ಳುವುದು, ಇನ್ನೊಂದು, ಸೀಟು ಬದಲಾಯಿಸುವುದು. ಕೆಲವು ಜಗಳ ಇದರಿಂದ ತೀರಿದವು, ಕೆಲವು ಎರಡರಷ್ಟಾದವು. ಆದರೆ ವಾಯಿದೆ ಇಲ್ಲದೆ ನಿಂತ ಕಾಲಲ್ಲೇ ತೀರ್ಪು ಸಿಗುತ್ತಿದ್ದುದರಿಂದ ಜನ ಬರುತ್ತಲೇ ಇದ್ದರು.

ಗೀಚಪ್ಪ ಉದ್ಯಾನದ ದಾರಿ ಬಿಟ್ಟು ಸುತ್ತಿ ಬಳಸಿ ಕಚೇರಿಗೆ ಹೋಗತೊಡಗಿದ. "ನಿಮ್ಮಪ್ಪನಿಗೆ ಸ್ವಲ್ಪ ಹೇಳು" ಎಂದು ಹೆಂಡತಿಯನ್ನು ಬೇಡಿಕೊಂಡ.

"ಏನಂತ ಹೇಳಲಿ? ಪೇಪರ್‌ನಲ್ಲಿರೋ ಮೂಗು ಅಪ್ಪನದೇ ಅಂತಲಾ?"

"ಅದೊಂದು ಬಿಟ್ಟು."

"ಅದೊಂದು ಬಿಟ್ಟರೆ ಹೇಳೋಕೆ ಇನ್ನೇನಿದೆ?"

ಹೀಗಿರುವಾಗ ತುತ್ತೂರಿಯವನ ಮತ್ತು ದರ್ಜಿಯ ವ್ಯಾಜ್ಯ ಬಂತು. ಒಂದೇ ಕಟ್ಟಡದಲ್ಲಿ ತುತ್ತೂರಿ ಊದುವವನು ಮೇಲಿನ ಮನೆಯಲ್ಲಿದ್ದ, ದರ್ಜಿ ಕೆಳಗಿನ ಮನೆಯಲ್ಲಿದ್ದ. ಬೆಳಗಾಗೆದ್ದು ಇವನು ಊದಿದರೆ ತನ್ನ ಹೊಲಿಗೆ ಸೊಟ್ಟಗಾಗುತ್ತದೆ ಎಂದು ದರ್ಜಿಯ ದೂರು. ಮಾವ ಕಣ್ಣು ಮುಚ್ಚಿ ಆಲೋಚಿಸಿ, "ಮೇಲಿನವರು ಕೆಳಗೆ ಇಳೀರಿ, ಕೆಳಗಿನವರು ಮೇಲೆ ಹತ್ತಿ. ಬೇಗ ಬೇಗ" ಎಂದರು. ಮುಖ್ಯ ನ್ಯಾಯಮೂರ್ತಿಗಳ ಆದೇಶವಲ್ಲವೇ, ಇಬ್ಬರೂ ಮಂಚ, ಪೆಟ್ಟಿಗೆ ಹೊತ್ತು ಮನೆ ಬದಲಾಯಿಸಿದರು. ಶಬ್ದ ಮೇಲಕ್ಕೂ ಹೋಗುತ್ತದೆ ಎಂಬುದು ಮರುದಿನವೇ ದರ್ಜಿಗೆ ತಿಳಿಯಿತು. ಅವನ ಹೊಲಿಗೆ ಯಂತ್ರದ ಗಡಗಡ ತುತ್ತೂರಿಯವನ ನೆತ್ತಿಯ ಮೇಲೆಯೇ ಶುರುವಾಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋದರು.

ಕೆಳಗಿನ ಕೋರ್ಟಿನ ಜಡ್ಜ್ ಅರ್ಜಿ ಓದಿ ಬೆವೆತರು. ಮುಖ್ಯ ನ್ಯಾಯಮೂರ್ತಿಗಳು ಆಗಲೇ ಕೊಟ್ಟ ತೀರ್ಪನ್ನು ಮುಟ್ಟುವ ಧೈರ್ಯ ಯಾರಿಗಿದೆ? ಅವರು ಅದನ್ನು ಮೇಲಕ್ಕೆ ಕಳಿಸಿದರು. ಮೇಲಿನವರು ಇನ್ನೂ ಮೇಲಕ್ಕೆ. ಕೊನೆಗೆ ಅದು ನ್ಯಾಯಮೂರ್ತಿಗಳ ಮುಂದೆಯೇ ಬಂದು ಬಿತ್ತು.

"ಮನೆ ಬದಲಾಯಿಸಿ ಅಂತ ಹೇಳಿದ್ದು ಯಾರು?" ಎಂದು ನ್ಯಾಯಮೂರ್ತಿಗಳು ಕೇಳಿದರು.

ದರ್ಜಿಯ ವಕೀಲರು ಗಂಟಲು ಸರಿಮಾಡಿಕೊಂಡರು. "ಮಹಾಸ್ವಾಮಿ, ತಾವೇ."

"ನಾನಾ?"

"ಹೌದು ಮಹಾಸ್ವಾಮಿ. ಉದ್ಯಾನದ ಬೆಂಚಿನ ಮೇಲೆ ಕೂತು."

ನ್ಯಾಯಮೂರ್ತಿಗಳು ದರ್ಜಿಯ ಕಡೆ ತಿರುಗಿ, "ಅವರು ನಾನೇ ಏನಪ್ಪಾ?" ಎಂದರು. ದರ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, ತಲೆ ಕೆರೆದುಕೊಂಡು, "ಅಲ್ಲ ಸ್ವಾಮಿ. ಅವರು ಪಕ್ಕಾ ಜಡ್ಜ್ ಥರ ಇದ್ರು" ಎಂದ. ನ್ಯಾಯಮೂರ್ತಿಗಳು ಪ್ರಕರಣವನ್ನು ಮುಂದೂಡಿದರು.

ಆ ಭಾನುವಾರ ಬೆಳಿಗ್ಗೆ ಮಾವ ಗುಳಿಗೆ ನುಂಗದೆ ಉದ್ಯಾನಕ್ಕೆ ಹೋಗಿಬಿಟ್ಟಿದ್ದರು. ಹೆಂಡತಿ ಗುಳಿಗೆಯನ್ನೂ ನೀರಿನ ಬಾಟಲಿಯನ್ನೂ ಕೊಟ್ಟು ಗೀಚಪ್ಪನನ್ನು ಅಟ್ಟಿದಳು. ಬೆಂಚಿನ ಮುಂದೆ ಉದ್ದನೆಯ ಸಾಲು. ಮುಂದೆ ಹೋಗಹೊರಟವನಿಗೆ ಮಾವನ ಬೆರಳು ಸಾಲಿನ ತುದಿಯನ್ನು ತೋರಿಸಿತು. ಹೋಗಿ ನಿಂತ. ಅವನ ಮುಂದೆ ಮಾಸಿದ ಸ್ವೆಟರ್ ತೊಟ್ಟ, ಬೋಳು ತಲೆಯ ಸಣ್ಣ ಆಳೊಬ್ಬರು ನಿಂತಿದ್ದರು. ಮೂಗು ಎಷ್ಟು ಪುಟ್ಟದೆಂದರೆ ಕನ್ನಡಕ ಅಲ್ಲಿ ನಿಲ್ಲಲಾರದೆ ಜಾರುತ್ತಲೇ ಇತ್ತು. ಅವರು ಬೆರಳಿನಿಂದ ಅದನ್ನು ಮೇಲಕ್ಕೆ ಏರಿಸುತ್ತಲೇ ಇದ್ದರು.

"ಇವರು ನಿಜವಾಗ್ಲೂ ಜಡ್ಜಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಜನ ಹಾಗಂತಾರೆ. ನಮ್ಮ ಮಾವ ಅವರು."

"ಓಹೋ. ತಾವೇನು ಮಾಡ್ಕೊಂಡಿದ್ದೀರಿ?"

"ಪತ್ರಿಕೆಗೆ ಚಿತ್ರ ಬರೀತೀನಿ."

"ಹಾಗಾದ್ರೆ ಆ ಜಡ್ಜ್ ಚಿತ್ರ ನಿಮ್ಮದೇ. ಆ ಮೂಗು ಭಾರಿ ಚೆನ್ನಾಗಿ ಬರೀತೀರಿ."

ಹೊಗಳಿಕೆ ಕೇಳಿದರೆ ಕಲಾವಿದನ ಬಾಯಿಗೆ ಬೀಗ ನಿಲ್ಲುವುದಿಲ್ಲ. "ನಿಮಗೆ ಹೇಳ್ತೀನಿ, ಬೇರೆಯವರಿಗೆ ಹೇಳಬೇಡಿ" ಎಂದು ಗೀಚಪ್ಪ ಬಗ್ಗಿದ. "ಆ ಜಡ್ಜ್ ಮುಖ ನಾನು ನೋಡೇ ಇಲ್ಲ. ಅದು ಮಾವನ ಮೂಗು."

"ಹೌದಾ" ಎಂದು ಅವರು ಕನ್ನಡಕ ಏರಿಸಿಕೊಂಡರು.

ಅಷ್ಟರಲ್ಲಿ ಅವರ ಸರದಿ ಬಂತು. ಮಾವ ಮೂಗಿನ ನೇರಕ್ಕೆ ಅವರನ್ನು ನೋಡಿ, "ಏನ್ರೀ ನಿಮ್ಮದು?" ಎಂದರು.

"ಮನೆ ವಿಷಯ. ನಾನು ಮಾತಾಡೋಕೆ ಶುರು ಮಾಡಿದ್ರೆ ನಮ್ಮ ಮನೆಯವಳು ಎದ್ದು ಹೋಗ್ತಾಳೆ."

"ಎಷ್ಟು ಹೊತ್ತು ಮಾತಾಡ್ತೀರಿ?"

"ಎರಡೂ ಕಡೆ ವಿಚಾರ ಮಾಡಿ, ಕಾರಣ ಕೊಟ್ಟು, ಮುಗಿಸೋವರೆಗೂ."

"ಸ್ಟಾಪೇ ಕೊಡದ ಬಸ್ಸಿಗೆ ಯಾರು ರೀ ಹತ್ತುತಾರೆ? ಅಲ್ಲಲ್ಲಿ ನಿಲ್ಲಿಸಿ. ಹತ್ತೋರು ಹತ್ತಲಿ, ಇಳಿಯೋರು ಇಳೀಲಿ. ಹೋಗಿ. ಮುಂದಿನವರು."

ಸಣ್ಣ ಆಳು ತಲೆಬಾಗಿ ಹೊರಟುಹೋದರು. ಗೀಚಪ್ಪ ಗುಳಿಗೆ ಕೊಟ್ಟ.

ಮರುದಿನ ಕೋರ್ಟಿನ ದಫೇದಾರ ಕೆಂಪು ಪಟ್ಟಿ ತೊಟ್ಟು ಪತ್ರಿಕೆಯ ಕಚೇರಿಗೆ ಬಂದು, "ಜಡ್ಜ್ ಚಿತ್ರ ಬರೆಯೋರನ್ನ ಮುಖ್ಯ ನ್ಯಾಯಮೂರ್ತಿಗಳು ಕರೀತಿದ್ದಾರೆ. ಮೂಗನ್ನೂ ಜೊತೆಗೆ ಕರ್ಕೊಂಡು ಬರಬೇಕಂತೆ" ಎಂದ. ಸಂಪಾದಕರು ತಕ್ಷಣ, ಗೀಚಪ್ಪ ಎಂಬ ಹೆಸರಿನವರು ಯಾರೂ ತಮ್ಮಲ್ಲಿಲ್ಲ ಎಂದರು.

ಮನೆಗೆ ಓಡಿಬಂದು ಗೀಚಪ್ಪ ಎಲ್ಲವನ್ನೂ ಹೆಂಡತಿಗೆ ಹೇಳಿದ. ಸ್ವೆಟರಿನವರ ಬಗ್ಗೆ ಹೇಳುತ್ತಿದ್ದಂತೆ ಅವಳು ತಡೆದಳು. "ಕನ್ನಡಕ ಜಾರ್ತಾ ಇತ್ತಾ? ಅವರೇ ಜಡ್ಜ್. ನಮ್ಮ ಅಂಗಡಿಗೆ ಬರ್ತಾರೆ. ಯಾವ ಫ್ರೇಮ್ ಕೊಟ್ಟರೂ ನಿಲ್ಲಲ್ಲ."

"ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲ ನೀನು?"

"ಬಿಟ್ಟಿದ್ರೆ ನೀವು ಜಡ್ಜ್ ಮೂಗೇ ಬರೀತಿದ್ರಿ. ಅಪ್ಪನ ಮುಖದ ಕಡೆ ನೀವು ಕಣ್ಣೆತ್ತಿ ನೋಡ್ತಿದ್ದುದೇ ಆ ಚಿತ್ರಕ್ಕಾಗಿ. ಅದನ್ನೂ ಯಾಕೆ ತಪ್ಪಿಸಲಿ?"

ನ್ಯಾಯಮೂರ್ತಿಗಳ ಕೊಠಡಿಯಲ್ಲಿ ಗೋಡೆ ತುಂಬ ದಪ್ಪ ಪುಸ್ತಕಗಳು, ನಡುವೆ ದೋಣಿಯಷ್ಟು ದೊಡ್ಡ ಮೇಜು, ಅದರ ಆಚೆ ಅದೇ ಸಣ್ಣ ಆಳು. ಗೀಚಪ್ಪ ಬಾಗಿಲ ಬಳಿಯೇ ನಿಂತ. ಮಾವ ಮಾತ್ರ ಒಳಬಂದವರೇ ಕುರ್ಚಿ ಎಳೆದು ಕೂತು, "ನೀವು ನಿನ್ನೆ ಬಂದಿದ್ರಲ್ಲ. ಮನೆಯವರು ಹೇಗಿದ್ದಾರೆ?" ಎಂದರು.

"ನೀವು ಹೇಳಿದ ಹಾಗೇ ಸ್ಟಾಪ್ ಕೊಟ್ಟೆ" ಎಂದರು ನ್ಯಾಯಮೂರ್ತಿಗಳು. "ಮೊದಲನೇ ಸ್ಟಾಪಿನಲ್ಲೇ ಇಳಿದು ಹೋದಳು."

ಬಾಗಿಲಲ್ಲಿ ನಿಂತ ದಫೇದಾರ ಮುಖ ತಿರುಗಿಸಿಕೊಂಡು ಕೆಮ್ಮಿದ.

"ಈಗ ವಿಷಯಕ್ಕೆ ಬರೋಣ. ನಾನು ಜಡ್ಜ್ ಅಂತ ಹೇಳ್ಕೊಂಡು ತಿರುಗಿದ್ದೀರಿ."

"ಒಂದು ದಿನವೂ ಹೇಳಿಲ್ಲ" ಎಂದರು ಮಾವ. "ಅಲ್ಲ ಅಂತಾನೂ ಹೇಳಿಲ್ಲ, ಅದು ಬೇರೆ. ದೇವರು ಇಬ್ಬರಿಗೂ ಒಂದೇ ಥರ ಮುಖ ಕೊಟ್ಟರೆ ನಾನೇನು ಮಾಡಲಿ?" ಹೇಳುತ್ತಾ ಅವರು ನ್ಯಾಯಮೂರ್ತಿಗಳ ಮುಖವನ್ನು ಸರಿಯಾಗಿ ನೋಡಿದರು. ಆ ಪುಟ್ಟ ಮೂಗನ್ನು ನೋಡಿದರು, ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.

"ದೇವರನ್ನ ಇದರಲ್ಲಿ ಎಳೆದು ತರಬೇಡಿ" ಎಂದರು ನ್ಯಾಯಮೂರ್ತಿಗಳು. "ಮುಖ ಕೊಟ್ಟಿದ್ದು ನಿಮ್ಮ ಅಳಿಯ. ನೀವು ನನ್ನ ಥರ ಇಲ್ಲ. ಪೇಪರ್‌ನಲ್ಲಿ ನಾನೇ ನಿಮ್ಮ ಥರ ಇದ್ದೀನಿ."

ಮಾವ ಅಳಿಯನ ಕಡೆ ತಿರುಗಲಿಲ್ಲ. ಬೆನ್ನು ಮಾತ್ರ ಸ್ವಲ್ಪ ಬಾಗಿತು.

ಗೀಚಪ್ಪ ಕೈ ಮುಗಿದ. "ತಪ್ಪಾಯ್ತು ಮಹಾಸ್ವಾಮಿ. ನಾಳೆಯಿಂದಲೇ ತಮ್ಮ ಸ್ವಂತ ಮೂಗು ಬರೀತೀನಿ."

ನ್ಯಾಯಮೂರ್ತಿಗಳು ಕುರ್ಚಿಯಿಂದ ಅರ್ಧ ಎದ್ದರು. "ಅದೊಂದು ಮಾತ್ರ ಮಾಡಬೇಡಿ" ಎಂದರು. ಧ್ವನಿಯಲ್ಲಿ ನಿಷ್ಠುರತೆಯ ಲವಲೇಶವೂ ಇರಲಿಲ್ಲ. "ಇಷ್ಟು ವರ್ಷ ನಾನು ಬೇಕಾದ ಕಡೆ ತಿರುಗಾಡಿದ್ದೀನಿ. ಸಿನಿಮಾಕ್ಕೆ ಹೋಗ್ತೀನಿ. ಬೇಕರಿ ಮುಂದೆ ಸಾಲಲ್ಲಿ ನಿಲ್ತೀನಿ. ಒಂದು ದಿನ ಬಸ್ಸಿನಲ್ಲಿ ಒಬ್ಬ ನನ್ನ ತೀರ್ಪನ್ನ ಹೀನಾಮಾನ ಬೈತಾ ಇದ್ದ. ಇಳಿಯೋವರೆಗೂ ಇಬ್ಬರೂ ಸೇರಿ ಬೈದ್ವಿ. ಅಂಥ ಸುಖ ನನ್ನ ಹುದ್ದೆಯಲ್ಲಿ ಯಾರಿಗಿದೆ? ಎಲ್ಲಾ ಈ ಮೂಗಿನ ಪುಣ್ಯ."

ಆಮೇಲೆ ಕನ್ನಡಕ ಏರಿಸಿಕೊಂಡು, ಸ್ವರ ಬಿಗಿಮಾಡಿ, ಆದೇಶ ಕೊಟ್ಟರು. ಮೂಗು ಈಗಿರುವಂತೆಯೇ ಮುಂದುವರಿಯತಕ್ಕದ್ದು. ಮೂಗಿನ ಮಾಲೀಕರು ಇನ್ನು ಮುಂದೆ ಯಾರಿಗೂ ತೀರ್ಪು ಕೊಡತಕ್ಕದ್ದಲ್ಲ, ಕೇಳಿದವರಿಗೆ ತಾವು ಯಾರೆಂದು ಹೇಳತಕ್ಕದ್ದು. ತುತ್ತೂರಿಯವನೂ ದರ್ಜಿಯೂ ತಮ್ಮ ತಮ್ಮ ಮನೆಗೆ ವಾಪಸು ಹೋಗತಕ್ಕದ್ದು, ತುತ್ತೂರಿಯನ್ನು ದರ್ಜಿಯು ಬಟ್ಟೆ ತರಲು ಹೊರಗೆ ಹೋದಾಗ ಮಾತ್ರ ಊದತಕ್ಕದ್ದು.

ಮರಳುವ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತರು, ಗೀಚಪ್ಪ ಅವರ ಪಕ್ಕ. ಹೆಂಡತಿ ಇಲ್ಲದ್ದರಿಂದ ಮಾತು ದಾಟಿಸುವವರಿಲ್ಲ. ಕಂಡಕ್ಟರ್ ಬಂದವನೇ ಮೂಗು ನೋಡಿ ಹಿಂದೆ ಸರಿದ. "ತಮಗೆ ಟಿಕೆಟ್ ಯಾಕೆ ಸಾಹೇಬ್ರೇ?"

ಮಾವ ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿದರು. ಆಮೇಲೆ, "ನಾನು ಜಡ್ಜ್ ಅಲ್ಲಪ್ಪಾ. ಕಂಡಕ್ಟರ್ ಆಗಿದ್ದವನು. ಟಿಕೆಟ್ ಹರಿ" ಎಂದರು.

"ಕಂಡಕ್ಟರಾ?" ಹುಡುಗನ ಮುಖ ಅರಳಿತು. "ಯಾವ ರೂಟು?"

ಮಾವ ಹೇಳಿದರು. ಆ ರೂಟಿನ ಕೊನೆಯ ಏರಿನಲ್ಲಿ ಹಳೆಯ ಬಸ್ಸುಗಳು ಹೇಗೆ ಹಿಂದಕ್ಕೆ ಉರುಳುತ್ತಿದ್ದವು, ಆಗ ಚಕ್ರಕ್ಕೆ ಕಲ್ಲು ಕೊಡಲು ಹೇಗೆ ಓಡಬೇಕಿತ್ತು ಎಂದೂ ಹೇಳಿದರು. ಕಂಡಕ್ಟರ್ ಒಂದು ಸ್ಟಾಪಿನ ಜನಕ್ಕೆ ಟಿಕೆಟ್ ಕೊಡುವುದನ್ನೇ ಮರೆತು ಕೇಳಿದ. ಮಾವನೇ ನೆನಪಿಸಿ ಕಳಿಸಬೇಕಾಯಿತು. ಅವನು ಟಿಕೆಟ್ ಹರಿದು ಅವರ ಕೈಗೆ ಕೊಟ್ಟಾಗ ಅವರ ಬೆನ್ನು ನೆಟ್ಟಗಾಗಿತ್ತು.

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಮಾವ ಕಿಟಕಿಯ ಹೊರಗೆ ನೋಡುತ್ತಲೇ, "ದಿನಾ ನನ್ನ ಮುಖ ನೋಡ್ತಿದ್ಯಾ?" ಎಂದರು.

ಗೀಚಪ್ಪ ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಆ ಮಾತು ತನಗೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನೋಡ್ತಿದ್ದೆ ಮಾವ."

"ನಾನು ಅಷ್ಟು ಸಿಡುಕನಾ?"

"ಚಹಾ ಆಗೋವರೆಗೂ."

ಮಾವ ಹೂಂಗುಟ್ಟಿದರು. "ನಾನೇನೋ ನೀನು ತಲೆ ತಗ್ಗಿಸಿ ಕೂರ್ತೀಯ, ನನ್ನ ಕಂಡರಾಗಲ್ಲ ಅಂದುಕೊಂಡಿದ್ದೆ."

"ನಾನೂ ಹಾಗೇ ಅಂದುಕೊಂಡಿದ್ದೆ" ಎಂದ ಗೀಚಪ್ಪ. "ನಿಮಗೆ ನನ್ನ ಕಂಡರಾಗಲ್ಲ ಅಂತ."

"ಆಗ್ತಿರಲಿಲ್ಲ" ಎಂದರು ಮಾವ, ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಒಂದು ತಿರುವು ದಾಟಿದ ಮೇಲೆ, "ಮೂಗೇನೋ ಸರಿ. ಕಿವಿ ಮಾತ್ರ ತಪ್ಪು ಬರೀತೀಯ. ನನ್ನ ಕಿವಿ ಅಷ್ಟು ಅಗಲ ಇಲ್ಲ" ಎಂದರು.

"ಇದೆ ಮಾವ."

"ಇಲ್ಲ ಅಂದ್ರೆ ಇಲ್ಲ."

ಇಳಿಯುವ ಸ್ಟಾಪು ಬಂದರೂ ಕಿವಿಯ ಜಗಳ ಮುಗಿಯಲಿಲ್ಲ.

ಉದ್ಯಾನದ ಸಾಲು ಕೆಲವೇ ದಿನಗಳಲ್ಲಿ ಕರಗಿತು. ಬೆಂಚಿನ ಮೇಲೆ ಈಗ ಮಾವನ ಜೊತೆ ಕೆಲವು ಭಾನುವಾರ ಒಬ್ಬ ಸ್ವೆಟರಿನ ಸಣ್ಣ ಆಳು ಕೂರುತ್ತಾರೆ. ಅವರು ಬಹಳ ಹೊತ್ತು ಮಾತಾಡುತ್ತಾರೆ, ಮಾವ ನಡುನಡುವೆ "ಸ್ಟಾಪ್" ಎನ್ನುತ್ತಾರೆ.

ಮನೆಯಲ್ಲಿ ಮಾತ್ರ ಗದ್ದಲ ಹೆಚ್ಚಿದೆ. ಬೆಳಗಿನ ಚಹಾ ಹೊತ್ತಿಗೆ ಮಾವ ಪತ್ರಿಕೆ ಹಿಡಿದು ಕಿವಿ, ಗಲ್ಲ, ಹುಬ್ಬುಗಳನ್ನು ಒಂದೊಂದಾಗಿ ಎತ್ತಿ ಆಡುತ್ತಾರೆ, ಗೀಚಪ್ಪ ಬಿಡದೆ ವಾದಿಸುತ್ತಾನೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಹತ್ತಿಕೊಳ್ಳುತ್ತದೆ. ಮೊನ್ನೆ ಹೆಂಡತಿ ಬೆಣ್ಣೆ ಚಾಕುವನ್ನು ಮೇಜಿನ ಮೇಲೆ ಕುಕ್ಕಿದಳು.

"ನೀವಿಬ್ಬರೂ ಮೊದಲಿನ ಹಾಗೆ ನನ್ನ ಮೂಲಕವೇ ಮಾತಾಡಿ. ಆಗ ಅರ್ಧಕ್ಕರ್ಧ ನಾನು ದಾಟಿಸ್ತಾನೇ ಇರಲಿಲ್ಲ. ಮನೆ ನೆಮ್ಮದಿಯಾಗಿತ್ತು."

ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿ, "ಯಾವ ಅರ್ಧ?" ಎಂದರು.